ಬಾಸಿಗೆ ದಮ್ಮಿಲ್ಲ ಎಂದವರು

"ದಮ್ಮಿಲ್ಲ" ಎಂಬ ಮಾತನ್ನು ನಾನು ಮೊದಲು ಕೇಳಿದ್ದು ಫೋನಿನಲ್ಲಿ. ಹೇಳಿದವರು ಬಸವನ ಬಾಗೇವಾಡಿಯ ಒಂದು ಬ್ಯಾಂಡ್ ಪಾರ್ಟಿಯ ಮಾಲಕರು. ಸಿಂದಗಿಯಲ್ಲಿರುವ ನನ್ನ ರಿಪೇರಿ ಅಂಗಡಿಗೆ ಸುತ್ತಲಿನ ತಾಲೂಕುಗಳ ಬ್ಯಾಂಡಿನವರು ಹಿತ್ತಾಳೆಯ ವಾದ್ಯಗಳನ್ನು ತರುತ್ತಾರೆ. ಅವರೂ ಹಳೆಯ ಗಿರಾಕಿ.

"ಅಕ್ಕಾರ, ನಮ್ಮ ಬಾಸ್ ಕಾಕಾನ್ನ ಬಸ್ ಹತ್ತಿಸೇನಿ. ಸಂಗಾಟ ಬಾಸೂ ಐತಿ. ಆ ಪೀಸ್ ನೋಡೂದೇನೂ ಬ್ಯಾಡ್ರಿ, ಹೊಸಾದು. ಆ ಮನಶ್ಯಾನ್ನ ನೋಡ್ರಿ. ದಮ್ಮಿಲ್ಲ ಅವಗ. ತೆಳಗಿನ ಸ್ವರ ಏಳವಲ್ವು."

"ಮನಶ್ಯಾರ ರಿಪೇರಿ ದವಾಖಾನಿ ಕೆಲಸರಿ."

"ದವಾಖಾನಿಗೂ ಕಳಸಿದ್ನಿ. ಡಾಕ್ಟರೂ ಅದನ್ನ ಹೇಳ್ಯಾರ, ಇವರಿಗೆ ದಮ್ಮಿಲ್ಲ ಅಂತ. ಮುದ್ದೇಬಿಹಾಳದಾಗ ಮದಿವಿ ಹಿಡದೇನಿ, ದೊಡ್ಡ ಮಂದಿದು. ಅಷ್ಟೊತ್ತಿಗೆ ಬಾಸ್ ಎದ್ದರ ಆತು, ಇಲ್ಲಂದ್ರ ಕಾಕಾ ಕುರಿ ಹಿಂದ ಹೋಗವಲ್ಲನ್ಯಾಕ. ಕೀಬೋರ್ಡ್ ಹಾಕತೇನಿ."

ಬ್ಯಾಂಡಿನವರು ಬಾಸ್ ಎನ್ನುವುದು ಟ್ಯೂಬಾಕ್ಕೆ. ಎದೆಗೆ ಅಪ್ಪಿಕೊಂಡು ಊದುವ ದೊಡ್ಡ ವಾದ್ಯ. ಕಹಳೆ, ಕ್ಲಾರಿನೆಟ್ಟುಗಳು ಮೇಲೆ ಎಷ್ಟೇ ಹಾರಾಡಲಿ, ಅಡಿಯಲ್ಲಿ ನೆಲದಂತೆ ನಿಲ್ಲುವುದು ಅದರ ಸ್ವರ.

ನಾನು ದಿನಚರಿ ಬರೆಯುವುದು ನೆನಪಿನ ಮೇಲೆ ನಂಬಿಕೆಯಿಲ್ಲದ್ದರಿಂದ. ಸಿಟ್ಟು ಬಂದಾಗ ನನ್ನ ನೆನಪು ಎದುರಿನವರ ಬಾಯಿಗೆ ಅವರಾಡಿದ್ದಕ್ಕಿಂತ ಕೆಟ್ಟ ಮಾತು ತುರುಕುತ್ತದೆ. ಈ ಪ್ರಸಂಗದ ಬಹುಪಾಲು ನಾನು ಸಿಟ್ಟಿನಲ್ಲೇ ಇದ್ದೆ. ಆದ್ದರಿಂದ ಬರೆದಿಟ್ಟದ್ದರ ಜೊತೆ ಹೋಲಿಸಿಕೊಂಡೇ ಇದನ್ನು ಹೇಳುತ್ತಿದ್ದೇನೆ. ಮೇಲೆ ಕೊಟ್ಟ ಮಾಲಕರ ಮಾತುಗಳು ಮಾತ್ರ ಬರೆದಿಟ್ಟಂತೆಯೇ ಇವೆ.

ಕಾಕಾ ಮಸೂತಿ ಎಂಬ ಊರಿನವರು. ಐವತ್ತು ದಾಟಿದ ಗಟ್ಟಿ ಆಳು. ಕುರಿ ಸಾಕುವ ಮನೆತನ. ಮದುವೆಯ ದಿನಗಳಲ್ಲಿ ಬ್ಯಾಂಡು, ಉಳಿದಂತೆ ಹಿಂಡು. ಟ್ಯೂಬಾವನ್ನು ಹೊಸ ಕಂಬಳಿಯಲ್ಲಿ ಸುತ್ತಿ, ಕೂಸನ್ನು ಎತ್ತಿಕೊಂಡಂತೆ ಎತ್ತಿಕೊಂಡು ಬಂದರು. ಹಿಂದೆ ಅವರ ಹೆಂಡತಿ. ಆಕೆ ಅಂಗಡಿಯ ಮೆಟ್ಟಿಲು ಹತ್ತುವ ಮೊದಲೇ ಶುರುಮಾಡಿದರು.

"ಕಂಡಕ್ಟರ್ ಇದಕ್ಕೂ ಟಿಕೀಟ್ ತಗೀರಿ ಅಂದ್ನಿರಿ. ಹಂಗಾದ್ರ ಇದಕ್ಕೂ ಸೀಟ್ ಕೊಡು ಅಂದೆ. ಮುಂದ ಹ್ವಾದ."

"ಡಾಕ್ಟರು ಏನಂದ್ರು ಕಾಕಾ?" ಎಂದು ಕೇಳಿದೆ.

"ಎದಿ ಫೋಟೋ ತಗದು ನೋಡಿದ್ರಿ. ನಿಮಗ ದಮ್ಮಿಲ್ಲ, ಎದಿ ಸಾಫ್ ಐತಿ, ಆರಾಮ ಊದ್ರಿ ಅಂದ್ರು."

ನಾನು ಕೈಯಲ್ಲಿದ್ದ ಬಟ್ಟೆ ಕೆಳಗಿಟ್ಟೆ. ನಮ್ಮ ಕಡೆ ದಮ್ಮು ಎಂದರೆ ಉಬ್ಬಸದ ರೋಗ. ದಮ್ಮು ಎಂದರೆ ಕಸುವೂ ಹೌದು. ಡಾಕ್ಟರು ರೋಗವಿಲ್ಲ ಎಂದು ಹೇಳಿದ ಮಾತು ಬಾಗೇವಾಡಿಗೆ ತಲುಪುವಷ್ಟರಲ್ಲಿ ಕಸುವಿಲ್ಲ ಎಂದಾಗಿತ್ತು. "ಆರಾಮ ಊದ್ರಿ" ಎಂಬ ಬಾಲ ದಾರಿಯಲ್ಲೇ ಉದುರಿಹೋಗಿತ್ತು. ದಮ್ಮಿದೆ ಎಂದಿದ್ದರೆ ರೋಗಿ ಎಂದು ಮನೆಗೆ ಕಳಿಸುತ್ತಿದ್ದರು. ಇಲ್ಲ ಎಂದದ್ದಕ್ಕೆ ನಾಲಾಯಕ್ ಎಂದು ಕಳಿಸಲು ಹೊರಟಿದ್ದಾರೆ.

"ನೀವು ಮಾಲಕರಿಗೆ ಬಿಡಿಸಿ ಹೇಳಲಿಲ್ಲೇನು?"

"ಹೇಳಿದ್ನಿರಿ. ನಕ್ಕರು."

ಮೊದಲು ಊದಲು ಹೇಳಿದೆ. ನಡುವಿನ ಸ್ವರಗಳು ಸ್ವಚ್ಛವಾಗಿದ್ದವು. ಕೆಳಗಿಳಿದಂತೆ ಸ್ವರದ ಬದಿಯಲ್ಲಿ ಗಾಳಿ ಕೇಳಿಸತೊಡಗಿತು. ಇನ್ನೂ ಕೆಳಗೆ ಹೋದಾಗ ಸ್ವರ ತಡವಾಗಿ, ಕೆಮ್ಮಿಕೊಂಡು ಎದ್ದಂತೆ ಬಂತು. ಅದಕ್ಕಿಂತ ಮೊದಲು ನನ್ನ ಕಣ್ಣಿಗೆ ಬಿದ್ದದ್ದು ಪಿಸ್ಟನ್ನುಗಳು. ಬೆರಳಿನಿಂದ ಒತ್ತಿ ಬಿಟ್ಟರೆ ಪಿಸ್ಟನ್ ಟಪ್ಪನೆ ಮೇಲೇಳಬೇಕು. ಇವು ನಿದ್ದೆಯಿಂದ ಎಬ್ಬಿಸಿದವರ ಹಾಗೆ ಏಳುತ್ತಿದ್ದವು. ಎರಡನೆಯದು ಅರ್ಧಕ್ಕೆ ಬಂದು ಯೋಚಿಸುತ್ತಿತ್ತು.

ಮುಚ್ಚಳ ತಿರುಗಿಸಿ ಪಿಸ್ಟನ್ ಹೊರಗೆಳೆದೆ. ಹಳದಿ ಅಂಟು ಸುತ್ತಲೂ ಮೆತ್ತಿಕೊಂಡಿತ್ತು. ವಾಸನೆ ನೋಡಿದೆ. ನನ್ನ ಅಡುಗೆಮನೆಯ ವಾಸನೆ.

"ಕುಸುಬಿ ಎಣ್ಣಿ ಹಾಕೀರೇನು?"

"ಹೂಂನ್ರಿ, ಗಾಣದ್ದು" ಎಂದರು ಕಾಕಾನ ಹೆಂಡತಿ ಹೆಮ್ಮೆಯಿಂದ. "ಅಂಗಡಿ ಎಣ್ಣಿ ಅಲ್ಲ."

ಕುಸುಬಿ ಎಣ್ಣೆ ಗಾಳಿಗೆ ಒಣಗುತ್ತದೆ. ಎಣ್ಣೆ ಡಬ್ಬಿಯ ಹೊರಮೈಗೆ ಹತ್ತಿದ ಅಂಟು ಎಷ್ಟು ತಿಕ್ಕಿದರೂ ಬಿಡುವುದಿಲ್ಲವೆಂದು ನಮ್ಮಲ್ಲಿ ಪಾತ್ರೆ ತೊಳೆದವರಿಗೆಲ್ಲ ಗೊತ್ತು. ಅದೇ ಅಂಟು ಪಿಸ್ಟನ್ನಿನ ಮೇಲೆ ಕೂತರೆ ಏನಾಗಬೇಕು? ನಾನು ಸ್ವಲ್ಪ ಜೋರಾಗಿಯೇ ಹೇಳಿದೆ.

"ನಮ್ಮ ಎಣ್ಣಿ ತಿಂದು ಈ ತನಕ ಯಾರೂ ಸತ್ತಿಲ್ರಿ" ಎಂದರು ಆಕೆ. "ನಿಮ್ಮ ಪಿಸ್ಟನ್ ಸಾಯತೈತೇನು?"

ಕಾಕಾ ನೆಲ ನೋಡುತ್ತ ನಕ್ಕರು.

ಕಾರಣ ಸಿಕ್ಕಿತೆಂದು ನನಗೆ ನೆಮ್ಮದಿಯಾಯಿತು. ಪಿಸ್ಟನ್ನುಗಳನ್ನೂ ಅವು ಓಡಾಡುವ ಕೊಳವೆಗಳನ್ನೂ ಸೀಮೆಎಣ್ಣೆಯಲ್ಲಿ ನೆನೆಸಿ, ಮೆತ್ತನೆ ಬಟ್ಟೆಯಲ್ಲಿ ತಿಕ್ಕಿ, ಮತ್ತೆ ನೆನೆಸಿದೆ. ಲೋಹದ ಚಾಕು ಮುಟ್ಟಿಸುವಂತಿಲ್ಲ. ಒಂದು ಗೀರು ಬಿದ್ದರೆ ಅದೇ ಗಾಳಿಗೆ ದಾರಿ. ಸ್ಪ್ರಿಂಗುಗಳನ್ನು ಒರೆಸಿದೆ. ಪಿಸ್ಟನ್ ಮೇಲೆದ್ದು ಬಡಿಯುವಲ್ಲಿ ಇರಬೇಕಾದ ಮೆತ್ತೆಗಳು ಸ್ಪಂಜಿನವು. ಮುಟ್ಟಿದರೆ ಪುಡಿಯಾದವು. ಹೊಸ ವಾದ್ಯಕ್ಕೆ ಇಂಥದನ್ನು ಹಾಕಿದವರನ್ನು ಮನಸ್ಸಿನಲ್ಲೇ ಬೈದು, ಕಾಕಾನ ಹೆಂಡತಿಯ ಒಪ್ಪಿಗೆ ಪಡೆದು, ಕಂಬಳಿಯ ಮೂಲೆಯಿಂದ ಒಂದು ತುಂಡು ಕತ್ತರಿಸಿಕೊಂಡೆ.

ಕಂಬಳಿ ಒಳ್ಳೆಯ ಮೆತ್ತೆಯಾಗುತ್ತದೆ, ಆದರೆ ಹೊಸ ಕಂಬಳಿಗೆ ಹುಣಸೆಬೀಜದ ಗಂಜಿ ಹಾಕಿರುತ್ತಾರೆ. ಹಾಗೆಯೇ ಕತ್ತರಿಸಿ ಕೂರಿಸಿದಾಗ ಪಿಸ್ಟನ್ ಮರಕ್ಕೆ ಬಡಿದಂತೆ ಟಕ್ ಟಕ್ ಎಂದಿತು. ತೆಗೆದು, ಬಿಸಿನೀರಿನಲ್ಲಿ ಗಂಜಿ ಬಿಡಿಸಿ, ಒಣಗಿಸಿ, ಒತ್ತಿ ಮತ್ತೆ ಬಿಲ್ಲೆ ಕತ್ತರಿಸಿದೆ. ದಪ್ಪವೂ ಸರಿಯಿರಬೇಕು. ಮೆತ್ತೆ ಹೆಚ್ಚು ಕಡಿಮೆಯಾದರೆ ಪಿಸ್ಟನ್ನಿನ ತೂತು ಮತ್ತು ಕೊಳವೆಯ ತೂತು ಒಂದರೆದುರು ಒಂದು ನಿಲ್ಲುವುದಿಲ್ಲ, ಗಾಳಿಗೆ ಹೊಸ್ತಿಲು ಎಡವಿದಂತಾಗುತ್ತದೆ. ಹಲ್ಲಿನ ಡಾಕ್ಟರು ಬಳಸುವಂಥ ಚಿಕ್ಕ ಕನ್ನಡಿಯನ್ನು ಕೊಳವೆಯೊಳಗೆ ಇಳಿಸಿ, ಮೂರೂ ತೂತುಗಳು ಹೊಂದುವವರೆಗೆ ಬಿಲ್ಲೆಗಳನ್ನು ಬದಲಿಸಿದೆ. ಕೊನೆಗೆ ಪಿಸ್ಟನ್ನಿಗೆಂದೇ ಸಿಗುವ ತೆಳು ಎಣ್ಣೆಯ ಹನಿ ಬಿಟ್ಟೆ.

ಕಾಕಾ ಒತ್ತಿ ನೋಡಿದರು. ಬೆರಳು ಎತ್ತುವ ಮೊದಲೇ ಪಿಸ್ಟನ್ ಮೇಲೆ.

"ಬೆಣ್ಯಾಗ ಕೈ ಆಡಿಸಿದಂಗ ಆಗತೈತ್ರಿ ಅಕ್ಕಾರ!" ಎಂದು ಮೌತ್‌ಪೀಸ್ ಹಚ್ಚಿ ಊದಿದರು.

ಕೆಳಗಿನ ಸ್ವರಗಳು ಬರಲೇ ಇಲ್ಲ. ಮೊದಲು ಕೆಮ್ಮಿಕೊಂಡಾದರೂ ಬರುತ್ತಿದ್ದವು, ಈಗ ಬರಿಯ ಹುಸ್ ಎಂಬ ಗಾಳಿ. ಕಾಕಾ ಮತ್ತೊಮ್ಮೆ ಉಸಿರು ತುಂಬಿಕೊಂಡರು, ಕುತ್ತಿಗೆಯ ನರ ಉಬ್ಬಿತು. ಮತ್ತೆ ಹುಸ್.

"ಎಣ್ಣಿ ಇದ್ದಾಗನ ಚಲೋ ಇತ್ತು ನೋಡ್ರಿ" ಎಂದರು ಅವರ ಹೆಂಡತಿ ನನ್ನನ್ನು ಚುಚ್ಚಲೆಂದೇ.

ಕಾಕಾ ಟ್ಯೂಬಾವನ್ನು ಕೆಳಗಿಳಿಸಿ, ನನ್ನ ಕಡೆ ನೋಡದೆ ಕೇಳಿದರು: "ಹಂಗಾದ್ರ ಅವರು ಅಂದದ್ದು ಖರೇನ ಏನ್ರಿ? ನನಗ ದಮ್ಮಿಲ್ಲೇನು?"

ಈ ಕೆಲಸದಲ್ಲಿ ನನಗೆ ಸಿಟ್ಟು ಬರತೊಡಗಿದ್ದು ಇಲ್ಲಿಂದ. ಜನ ಏನಾದರೂ ಅನ್ನುತ್ತಾರೆ. ಅಂದದ್ದು ಮನುಷ್ಯನ ಒಳಗೆ ಇಳಿದು, ಅವನೇ ತನ್ನ ಎದೆಯನ್ನು ಅನುಮಾನದಿಂದ ಮುಟ್ಟಿ ನೋಡಿಕೊಳ್ಳುವಂತಾಗುವುದನ್ನು ಎದುರಿಗೆ ಕೂತು ನೋಡುವುದು ಬೇರೆ.

ಮೊದಲಿನಿಂದ ಹುಡುಕಿದೆ. ಎಂಜಲುನೀರು ಹೊರಬಿಡುವ ಚಿಕ್ಕ ಬಾಗಿಲಿನ ಬಿರಡೆ ಸರಿಯಿತ್ತು. ಬೆಸುಗೆಗಳಿಗೆಲ್ಲ ಸಾಬೂನುನೀರು ಸವರಿ ಕಾಕಾನಿಂದ ಊದಿಸಿದೆ. ಒಂದು ಗುಳ್ಳೆಯೂ ಏಳಲಿಲ್ಲ. ಕೊನೆಗೆ ಎರಡನೇ ಪಿಸ್ಟನ್ನಿನ ಬಳಿಯಿರುವ ಸಣ್ಣ ಬಾಗುಕೊಳವೆಯನ್ನು, ಪಿಸ್ಟನ್ ಒತ್ತದೆ, ಸರಕ್ಕನೆ ಎಳೆದೆ. ಬಿಗಿಯಾದ ವಾದ್ಯದಲ್ಲಿ ಹೀಗೆ ಎಳೆದರೆ ಸೀಸೆಯ ಬಿರಡೆ ಕಿತ್ತಂತೆ ಟೊಪ್ ಎನ್ನಬೇಕು. ಇದು ಸದ್ದಿಲ್ಲದೆ ಬಂತು. ಮೊದಲನೆಯದೂ, ಮೂರನೆಯದೂ ಹಾಗೆಯೇ. ರಿಪೇರಿಗೆ ಬಂದಿದ್ದ ಬೇರೊಬ್ಬರ ಹಳೆಯ ಟ್ಯೂಬಾ ಮೂಲೆಯಲ್ಲಿತ್ತು. ಅದನ್ನು ಎಳೆದರೆ ಟೊಪ್.

ಪಿಸ್ಟನ್ ಹೊರಗೆ ತೆಗೆದು ಬೆಳಕಿಗೆ ಹಿಡಿದೆ. ತಿಕ್ಕಿದ ಗುರುತಿಲ್ಲ, ಹೊಳಪು ಮಾಸಿಲ್ಲ. ಸವೆದು ಸಡಿಲಾದದ್ದಲ್ಲ, ಹುಟ್ಟಾ ಸಡಿಲು. ಕೊಳವೆಗೆ ಸಣ್ಣದಾದ ಪಿಸ್ಟನ್ನುಗಳನ್ನು ಹಾಕಿ ಕಳಿಸಿದ್ದರು.

ಆಗ ಎಲ್ಲವೂ ತಾಳೆಯಾಯಿತು. ಕೆಳಗಿನ ಸ್ವರಕ್ಕೆ ತುಟಿ ನಿಧಾನವಾಗಿ ನಡುಗುತ್ತದೆ. ಕೊಳವೆಯೊಳಗೆ ಹೋದ ಗಾಳಿಯ ಅಲೆ ತಿರುಗಿ ಬಂದು ಆ ತುಟಿಗೆ ಆಸರೆ ಕೊಡಬೇಕು. ನಡುದಾರಿಯಲ್ಲಿ ಸೋರಿದರೆ ಆಸರೆ ಬರುವುದಿಲ್ಲ. ಮೇಲಿನ ಸ್ವರಗಳು ಹೇಗೋ ಪಾರಾಗುತ್ತವೆ, ಕೆಳಗಿನವು ಸಾಯುತ್ತವೆ. ವಿಶ್ವವಿದ್ಯಾಲಯದಲ್ಲಿ ಭೌತಶಾಸ್ತ್ರ ಓದುವಾಗ ಇದನ್ನು ಪುಟಗಟ್ಟಲೆ ಬರೆದು ಪಾಸಾಗಿದ್ದೆ. ಪಿಸ್ಟನ್ ಮತ್ತು ಕೊಳವೆಯ ನಡುವಿನ ಸಂದನ್ನು ಇಷ್ಟು ದಿನ ತುಂಬಿದ್ದು ಕುಸುಬಿಯ ಅಂಟು. ಅದು ಬೆರಳನ್ನು ನಿಧಾನ ಮಾಡಿತ್ತು, ಸ್ವರವನ್ನು ಕಾಪಾಡಿತ್ತು. ನಾನು ತೊಳೆದದ್ದು ಆ ತೇಪೆಯನ್ನು.

ಇಂಥ ಸೋರುವ ವಾದ್ಯದಲ್ಲಿ ಈ ಮನುಷ್ಯ ಮದುವೆಯಿಂದ ಮದುವೆಗೆ ಬಾಸ್ ಎಬ್ಬಿಸುತ್ತ ಬಂದಿದ್ದಾರೆ. ದಮ್ಮಿಲ್ಲವಂತೆ.

ಇಷ್ಟನ್ನು ಮಾಲಕರಿಗೆ ಫೋನಿನಲ್ಲಿ ಹೇಳಿದೆ. ಅವರು ತಾಳ್ಮೆಯಿಂದ ಕೇಳಿಸಿಕೊಂಡು, "ಅದೆಲ್ಲಾ ಬರೋಬ್ಬರಿ ಐತ್ರಿ ಅಕ್ಕಾರ. ಔಡಲೆಣ್ಣಿ ಹಚ್ಚಿ ಕಳಸ್ರಿ. ದಪ್ಪ ಇರತೈತಿ, ಸಂದ್ ತುಂಬತೈತಿ. ಮದಿವಿ ಒಂದ ಪಾರಾಗಲಿ" ಎಂದರು.

ಅವರು ಹೇಳಿದ್ದು ಸುಳ್ಳಲ್ಲ. ಔಡಲೆಣ್ಣೆ, ಅಂದರೆ ಹರಳೆಣ್ಣೆ, ಹಚ್ಚಿದರೆ ಆ ಒಂದು ದಿನ ಸ್ವರ ಏಳುತ್ತಿತ್ತು. ನಾನು ಡಬ್ಬಿಯನ್ನು ಕೈಗೆ ತೆಗೆದುಕೊಂಡೂ ಬಿಟ್ಟಿದ್ದೆ. ಆಮೇಲೆ ಏನಾಗುತ್ತದೆಂದು ಯೋಚಿಸಿದೆ. ಪಿಸ್ಟನ್ ಮತ್ತೆ ನಿಧಾನವಾಗುತ್ತದೆ, ಎಣ್ಣೆ ಇಳಿದಂತೆ ಸ್ವರ ಮತ್ತೆ ಸಾಯುತ್ತದೆ, ಆಗ ಎಲ್ಲರೂ ವಾದ್ಯವನ್ನಲ್ಲ, ಕಾಕಾನನ್ನು ನೋಡುತ್ತಾರೆ. ರಿಪೇರಿಯೂ ಆಗಿತ್ತಲ್ಲ, ಇನ್ನೇನು ನೆಪ, ಎನ್ನುತ್ತಾರೆ. ನನ್ನ ಕೈಕೆಲಸವೇ ಅವರ ವಿರುದ್ಧ ಸಾಕ್ಷಿಯಾಗುತ್ತದೆ. ಡಬ್ಬಿ ಕೆಳಗಿಟ್ಟೆ.

"ಹಚ್ಚಂಗಿಲ್ರಿ. ಇದನ್ನ ಎಲ್ಲಿ ತಗೊಂಡಿರಿ?"

"ಇಂಡಿ ಪ್ಯಾಟ್ಯಾಗ."

"ನಾಳೆ ಅಲ್ಲಿಗೆ ಬರ್ರಿ. ನಾನೂ ಕಾಕಾನೂ ಬರ್ತೇವಿ. ನೀವು ಬರದಿದ್ರ ಪೀಸ್ ನನ್ನ ಕಡೆನ ಇರತೈತಿ."

ಹಾಗೆ ತಡೆದಿಟ್ಟುಕೊಳ್ಳುವ ಹಕ್ಕು ನನಗಿರಲಿಲ್ಲ. ಮಾಲಕರು ಗೊಣಗಿದರು, ಆದರೆ ಬಂದರು.

ಇಂಡಿ ಪಟ್ಟಣದ ಆ ಅಂಗಡಿಯ ಮುಂಭಾಗದಲ್ಲೆಲ್ಲ ಕೀಬೋರ್ಡು, ಸ್ಪೀಕರುಗಳು. ಹಿತ್ತಾಳೆಯ ವಾದ್ಯಗಳು ಹಿಂದಿನ ಕಪಾಟಿನಲ್ಲಿ. ಅಂಗಡಿಕಾರರು ಮಾಲಕರನ್ನು ಕಂಡೊಡನೆ ಎದ್ದರು.

"ಬರ್ರಿ ಬರ್ರಿ. ಅವತ್ತು ಹೇಳಿದ ಕೀಬೋರ್ಡ್ ಪಕ್ಕಾ ಮಾಡಿದ್ರೆಲಾ? ನಾ ಹೇಳಿದ್ನೆಲ್ರಿ, ಈ ವಯಸ್ಸಿಗೆ ಬಾಸ್ ಊದೂದು ಆಗೂದಿಲ್ಲ. ದಮ್ಮ ಬೇಕು."

ಮಾತು ಹುಟ್ಟಿದ್ದು ಇಲ್ಲಿ. ಸಡಿಲ ಪಿಸ್ಟನ್ನಿನ ವಾದ್ಯ ಮಾರಿದವರೇ, ಅದರಲ್ಲಿ ಸ್ವರ ಏಳದಿದ್ದಾಗ ಊದುವವನಿಗೆ ದಮ್ಮಿಲ್ಲ ಎಂದು ಹೇಳಿ, ಅವನ ಜಾಗಕ್ಕೆ ಕೂರಿಸಲು ಇನ್ನೊಂದು ಸಾಮಾನು ಮಾರಲು ನಿಂತಿದ್ದರು. ನಾನು ವಿಷಯ ಹೇಳುತ್ತಿದ್ದಂತೆ ಪಿಸ್ಟನ್ನನ್ನು ಮೂಸಿ ನೋಡಿ ನಕ್ಕರು.

"ಕುಸುಬಿ ವಾಸನಿ ಇನ್ನೂ ಹೋಗಿಲ್ಲ. ಅಡಗಿ ಎಣ್ಣಿ ಹಾಕಿ ಕೆಡಿಸ್ಯಾರ."

"ಎಣ್ಣಿ ಅಂಟತೈತ್ರಿ, ಲೋಹ ತಿನ್ನೂದಿಲ್ಲ. ಇದು ಸಡಿಲ ಬಂದೈತಿ."

"ಎಲ್ಲಾ ಪೀಸೂ ಒಂದ ಅಚ್ಚಿನ್ಯಾಗಿಂದ ಹುಟ್ಟಿದ್ವು. ಒಂದ ಸಡಿಲ, ಒಂದ ಬಿಗಿ ಹೆಂಗಾಗತೈತಿ?"

"ಹಂಗಾದ್ರ ಕಪಾಟಿನ್ಯಾಗಿಂದು ಆ ಇನ್ನೊಂದು ಕೊಡ್ರಿ. ಕಾಕಾ ಊದಿ ನೋಡಲಿ."

"ಛೇ, ಹೊಸಾದಕ್ಕ ಬಾಯಿ ಹಚ್ಚಿದ್ರ ಮುಂದ ಯಾರ ತಗೋತಾರ? ಎಂಜಲ ಆಕ್ಕೈತಿ."

ಕಾಕಾ ಅಂಗಿಯ ಕಿಸೆಯಿಂದ ತಮ್ಮ ಮೌತ್‌ಪೀಸ್ ತೆಗೆದು ತೋರಿಸಿದರು. "ನನ್ನ ಬಾಯಿ ಇದಕ್ಕ ಹತ್ತತೈತ್ರಿ. ನಿಮ್ಮ ಪೀಸಿಗಲ್ಲ."

"ಒಳಗ ಹೋಗೂ ಗಾಳಿ ಯಾರದು ಮತ್ತ?"

ಇಲ್ಲದ ದಮ್ಮು ಎಂಜಲು ಹೇಗಾಗುತ್ತದೆ ಎಂದು ನಾನು ಕೇಳಿದೆ. ಕೇಳಿದೆನೇ? ದಿನಚರಿಯಲ್ಲಿ ಆ ಸಾಲಿದೆ, ಆದರೆ ಬೇರೆ ಶಾಯಿಯಲ್ಲಿದೆ. ಬಹುಶಃ ನಂತರ ಸೇರಿಸಿದ್ದು. ಕಾಕಾ ಮೌತ್‌ಪೀಸನ್ನು ಅಂಗಿಯ ತುದಿಯಿಂದ ಒರೆಸಿ ಮತ್ತೆ ಕಿಸೆಯಲ್ಲಿಟ್ಟುಕೊಂಡದ್ದು ಮಾತ್ರ ಖಚಿತ.

ಬಾಯಿ ಹಚ್ಚಬಾರದೆಂದರೆ ಬಾಯಿಲ್ಲದೆ ತೋರಿಸಬೇಕಿತ್ತು. ಅದಕ್ಕೂ ತಯಾರಾಗಿ ಹೋಗಿದ್ದೆ. ಮುಚ್ಚಳವಿರುವ ಒಂದು ತಗಡಿನ ಡಬ್ಬಿ. ಅದಕ್ಕೆ ಎರಡು ತೂತು, ಒಂದಕ್ಕೆ ಸೈಕಲ್ ಪಂಪು, ಇನ್ನೊಂದಕ್ಕೆ ರಬ್ಬರ್ ನಳಿಗೆ. ಡಬ್ಬಿಯೊಳಗೆ ಕೆಂಡ ಹಾಕಿ, ಮೇಲೆ ಲೋಬಾನ ಉದುರಿಸಿ ಮುಚ್ಚಿದೆ. ನಳಿಗೆಯನ್ನು ನಮ್ಮ ಟ್ಯೂಬಾದ ಬಾಯಿಗೆ ಸಿಕ್ಕಿಸಿ, ಗಾಳಿ ಪಿಸ್ಟನ್ನುಗಳನ್ನು ದಾಟಿ ಹೊರಹೋಗುವ ದಾರಿಗೆ ಒದ್ದೆ ಬಟ್ಟೆ ತುರುಕಿ, ಮಾಲಕರ ಕೈಗೆ ಪಂಪು ಕೊಟ್ಟೆ.

"ನಾನ್ಯಾಕ್ರಿ?"

"ನಿಮಗ ದಮ್ಮೈತೆಲಾ, ಹೊಡೀರಿ."

ಮಾಲಕರು ಪಂಪು ಒತ್ತಿದರು. ಪಿಸ್ಟನ್ ಕೊಳವೆಗಳ ತಳದ ಮುಚ್ಚಳದಲ್ಲಿ ಒಂದೊಂದು ಸಣ್ಣ ತೂತಿರುತ್ತದೆ. ಮೂರೂ ತೂತುಗಳಿಂದ ಹೊಗೆ ದಾರದಂತೆ ಇಳಿಯಿತು. ಒತ್ತಿದಂತೆಲ್ಲ ದಪ್ಪವಾಯಿತು. ಅಂಗಡಿ ತುಂಬ ಲೋಬಾನದ ಘಮ. ಬೀದಿಯಲ್ಲಿ ಹೋಗುತ್ತಿದ್ದವರು ಇಣುಕಿದರು. ಆಮೇಲೆ ಕಪಾಟಿನ ಟ್ಯೂಬಾಕ್ಕೆ ಅದನ್ನೇ ಮಾಡಿದೆ. ಲೋಬಾನದ ಹೊಗೆ ಎಂಜಲಲ್ಲವಾದ್ದರಿಂದ ಅಂಗಡಿಕಾರರು ಒಪ್ಪಲೇಬೇಕಾಯಿತು. ಮಾಲಕರು ಬೆವರುವವರೆಗೆ ಒತ್ತಿದರು. ಪಂಪು ಬಿಗಿಯಾಗಿ ಹಿಂದಕ್ಕೆ ತಳ್ಳಿತೇ ಹೊರತು ಹೊಗೆ ಹೊರಬರಲಿಲ್ಲ.

"ಎಲಾ ಇವನ!" ಎಂದರು ಮಾಲಕರು. ಯಾರಿಗೆ ಎಂದು ತಿಳಿಯಲಿಲ್ಲ.

ಅಂಗಡಿಕಾರರು ಸ್ವಲ್ಪ ಹೊತ್ತು ಕಂಪನಿಯನ್ನು ಬೈದು, ಕಪಾಟಿನದನ್ನು ಕೆಳಗಿಳಿಸಿದರು. "ನಿಮ್ಮ ಮುಖಾ ನೋಡಿ ಬದಲ ಮಾಡಿ ಕೊಡಾಕತ್ತೇನಿ ಅಕ್ಕಾರ."

"ನನ್ನ ಮುಖಾ ಬ್ಯಾಡ್ರಿ, ಹೊಗಿ ನೋಡಿ ಕೊಡ್ರಿ. ಮತ್ತ, ಇವರಿಗೆ ದಮ್ಮಿಲ್ಲ ಅಂದಿದ್ರೆಲಾ, ಆ ಮಾತು?"

ಅವರು ನಿಜಕ್ಕೂ ಅರ್ಥವಾಗದವರಂತೆ ನನ್ನನ್ನು ನೋಡಿದರು. "ಪೀಸ್ ಬದಲಿ ಕೊಟ್ಟೆನೆಲ್ರಿ. ಮಾತಿಗೂ ಗ್ಯಾರಂಟಿ ಇರತೈತೇನು?"

ಮಾಲಕರು ನಕ್ಕರು. ಕಾಕಾ ಆಗಲೇ ಹೊಸ ಟ್ಯೂಬಾಕ್ಕೆ ಕಂಬಳಿ ಸುತ್ತುತ್ತಿದ್ದರು. ನನಗೊಬ್ಬಳಿಗೇ ಇದು ದೊಡ್ಡದಾಗಿ ಕಾಣುತ್ತಿದೆಯೇ ಎಂಬ ಅನುಮಾನ ಬಂತು. ಸಾಮಾನು ಸಿಕ್ಕಿತು, ಕೆಲಸ ಉಳಿಯಿತು. ಅನ್ನಿಸಿಕೊಂಡವರೇ ಸುಮ್ಮನಿರುವಾಗ ಅವರ ಪರವಾಗಿ ಸಿಟ್ಟಾಗುವುದೂ ಒಂದು ಬಗೆಯ ದೊಡ್ಡಸ್ತಿಕೆಯೋ ಏನೋ. ಸಿಂದಗಿಯ ಬಸ್ಸಿನಲ್ಲಿ ಇದನ್ನೇ ಯೋಚಿಸಿದೆ. ಸಿಟ್ಟು ಮಾತ್ರ ಇಳಿಯಲಿಲ್ಲ.

ಹೊಸ ಟ್ಯೂಬಾದ ಸ್ಪಂಜಿನ ಮೆತ್ತೆಗಳನ್ನೂ ಕಿತ್ತು ಕಂಬಳಿಯದನ್ನು ಕೂರಿಸಿ ಕಳಿಸಿಕೊಟ್ಟೆ. ಗಂಜಿ ಬಿಡಿಸಿದ ಉಣ್ಣೆ ಕೂರಲು ಸ್ವಲ್ಪ ಸಮಯ ಬೇಕು, ಅಷ್ಟರಲ್ಲಿ ತೂತುಗಳು ಸರಿದಿರಬಹುದು. ಅದನ್ನು ನೋಡುವ ನೆಪದಲ್ಲಿ ಮದುವೆಯ ಬೆಳಿಗ್ಗೆ ಮುದ್ದೇಬಿಹಾಳಕ್ಕೆ ಹೋದೆ. ಮೂರೂ ಸರಿಯಿದ್ದವು.

ಮದುಮಗನನ್ನು ಹನುಮಪ್ಪನ ಗುಡಿಗೆ ಕರೆದೊಯ್ಯುವ ಮೆರವಣಿಗೆ. ಕೆಂಪು ಕೋಟಿನ ಬ್ಯಾಂಡಿನವರು ಎರಡು ಸಾಲಾಗಿ ನಿಂತಿದ್ದರು. ಕಾಕಾ ಹಿಂದಿನ ಸಾಲಿನಲ್ಲಿ, ಕೋಟಿನ ಗುಂಡಿ ಹೊಟ್ಟೆಯ ಮೇಲೆ ಹತ್ತದೆ ಹಾಗೆಯೇ ಬಿಟ್ಟಿದ್ದರು. ಮಾಲಕರು ಕೈ ಎತ್ತಿದರು. ಮೊದಲ ಹಾಡಿಗೇ ಕೆಳಗಿನ ಸ್ವರ ಎದ್ದಿತು. ಕೆಮ್ಮಿಲ್ಲ, ಗಾಳಿಯಿಲ್ಲ. ಬದಿಯ ಅಂಗಡಿಯ ಇಳಿಬಿಟ್ಟ ಶಟರ್ ಗುಂಯ್ ಎಂದು ನಡುಗಿತು. ಕುದುರೆಯ ಮೇಲಿದ್ದ ಮದುಮಗ ತಿರುಗಿ ನೋಡಿದ.

ಹಾಡು ಮುಗಿದಾಗ ಮಾಲಕರು ಖುಷಿಯಿಂದ, ಬೀಗರಿಗೆಲ್ಲ ಕೇಳುವಂತೆ ಕೂಗಿದರು: "ನೋಡ್ರಿ, ಕಾಕಾಗ ದಮ್ಮ ಬಂತು!"

ಹೊಗಳಿಕೆಯಾಗಿಯೇ ಹೇಳಿದ್ದು. ಹೊಗೆ ಕಣ್ಣಾರೆ ಕಂಡವರು, ಪಂಪು ಕೈಯಾರೆ ಒತ್ತಿದವರು. ಆದರೂ ಕೆಟ್ಟದ್ದು ಮನುಷ್ಯನೇ, ರಿಪೇರಿಯಾದದ್ದೂ ಮನುಷ್ಯನೇ. ನಾನು ಬಾಯಿ ತೆರೆಯುವಷ್ಟರಲ್ಲಿ ಡೋಲಿನವರು ಮುಂದಿನ ಹಾಡಿನ ಗತ್ತು ಹಿಡಿದರು. ಬಾಸ್ ಬರಲಿಲ್ಲ. ಕಾಕಾ ಟ್ಯೂಬಾವನ್ನು ತೊಡೆಯ ಮೇಲಿಟ್ಟುಕೊಂಡು ಆ ಶಟರಿನ ಕಟ್ಟೆಯ ಮೇಲೆ ಕೂತಿದ್ದರು.

"ಏನಾತೋ ಕಾಕಾ? ಏಳು, ಮಂದಿ ನಿಂತಾರ."

"ಒಂದ ಮಾತು ಕೇಳೂದೈತ್ರಿ ಮಾಲಕರ" ಎಂದರು ಕಾಕಾ, ಬಹಳ ಸಾವಧಾನವಾಗಿ. "ಡಾಕ್ಟರು ದಮ್ಮಿಲ್ಲ ಅಂದ್ರು. ನೀವೂ ದಮ್ಮಿಲ್ಲ ಅಂದ್ರಿ. ಈಗ ಬಂತು ಅಂತೀರಿ. ಬಂದದ್ದು ಯಾವ್ದರಿ? ರೋಗ ಬಂತೇನು?"

ಕ್ಲಾರಿನೆಟ್ಟಿನವರು ಕಿಸಕ್ಕೆಂದರು. ಡೋಲು ನಿಂತಿತು. ಮುಂದೆ ಕುದುರೆ, ಹಿಂದೆ ಆರತಿ ಹಿಡಿದ ಹೆಣ್ಣುಮಕ್ಕಳು. ಹುಡುಗನ ಸೋದರಮಾವ ಬಂದು, "ಯಾಕ್ರಿ ನಿಂತ್ರಿ?" ಎಂದರು. ಮಾಲಕರು ಕಾಕಾನನ್ನು ನೋಡಿದರು, ನನ್ನನ್ನೂ ನೋಡಿದರು. ನಾನು ಹೇಳಿಕೊಟ್ಟದ್ದೆಂದು ಅವರು ಇಂದಿಗೂ ನಂಬಿದ್ದಾರೆ. ಹೇಳಿಕೊಟ್ಟಿರಲಿಲ್ಲ.

"ಹೋಗಿತ್ತಂದ್ರ ಬರತೈತ್ರಿ" ಎಂದರು ಕಾಕಾ. "ಎಲ್ಲಿ ಹೋಗಿತ್ತದು?"

"ಎಲ್ಲೂ ಹೋಗಿದ್ದಿಲ್ಲೋ ಮಾರಾಯಾ!" ಮಾಲಕರು ಸಿಡುಕಿದರು. "ಪೀಸ್ ಸಡಿಲಿತ್ತು. ಆತಿಲ್ಲ? ಪೀಸ್ ಸಡಿಲಿತ್ತು, ನೀ ಸಡಿಲಿದ್ದಿಲ್ಲ. ಏಳಿನ್ನ."

ತಪ್ಪಾಯಿತು ಎಂದು ಅವರು ಹೇಳಲಿಲ್ಲ. ಹೇಳಿದರೆಂದು ನನ್ನ ನೆನಪು ಆಗಾಗ ಸೇರಿಸಲು ನೋಡುತ್ತದೆ. ಅಂದು ಅಲ್ಲೇ ನಿಂತು ಬರೆದುಕೊಂಡದ್ದರಲ್ಲಿ ಇರುವುದು ಇಷ್ಟೇ.

ಕಾಕಾ ಎದ್ದು ಮೌತ್‌ಪೀಸನ್ನು ಒಮ್ಮೆ ತಿರುಗಿಸಿ ಬಿಗಿ ಮಾಡಿದರು. ಡೋಲಿಗೆ ಕಾಯಲಿಲ್ಲ. ಮೂರೂ ಪಿಸ್ಟನ್ ಒತ್ತಿ ಹಿಡಿದು, ಆ ವಾದ್ಯದಲ್ಲಿ ಎಲ್ಲಕ್ಕಿಂತ ಕೆಳಗಿರುವ ಸ್ವರವನ್ನು ಊದಿದರು. ಯಾವ ಹಾಡಿನದೂ ಅಲ್ಲದ ಸ್ವರ. ಶಟರ್ ನಡುಗತೊಡಗಿತು, ಕುದುರೆ ಕಿವಿ ನಿಮಿರಿಸಿತು. ಸೋದರಮಾವ "ಸಾಕ್ರಿ, ಸಾಕು" ಎಂದು ಕೈ ಮುಂದೆ ಮಾಡಿದರು. ಕಾಕಾ ಮಾಲಕರನ್ನೇ ನೋಡುತ್ತ, ಮಾಲಕರು ಕಣ್ಣು ತಗ್ಗಿಸುವವರೆಗೂ ಅದನ್ನು ಬಿಡಲಿಲ್ಲ.